ಗುಂಡುತೋಪು: ಊರವರೆಲ್ಲರ ನೆರಳು, ಊರವರೆಲ್ಲರ ಆರೋಗ್ಯ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆ, ಗೋಮಾಳಗಳಂತೆ ಗುಂಡುತೋಪೂ ಊರಿನ ಒಂದು ಅಂಗವಾಗಿತ್ತು. ಊರ ಮುಂದೆ, ಕೆರೆಯ ಬದಿಯಲ್ಲಿ ಅಥವಾ ಗಾಡಿದಾರಿಯ ಪಕ್ಕದಲ್ಲಿ ಹಿರಿಯರು ಮಾವು, ಹುಣಸೆ, ನೇರಳೆ, ಹೊಂಗೆ, ಹಿಪ್ಪೆ, ಹಲಸು, ಆಲ, ಅರಳಿ ಮರಗಳನ್ನು ನೆಟ್ಟು, ಇದು ಯಾರೊಬ್ಬರದೂ ಅಲ್ಲ, ಊರಿನದು ಎಂದು ಬಿಟ್ಟರು. ಇಂದು ಅನೇಕ ಊರುಗಳಲ್ಲಿ ಗುಂಡುತೋಪು ಎಂಬ ಹೆಸರು ಪಹಣಿಯಲ್ಲಿ ಮಾತ್ರ ಉಳಿದಿದೆ. ಸ್ಥಳದಲ್ಲಿ ನಾಲ್ಕಾರು ಮುದಿ ಮರಗಳು, ಒಂದು ಕಸದ ಗುಡ್ಡೆ, ಪಕ್ಕದ ಹೊಲದಿಂದ ಒಳಕ್ಕೆ ಸರಿದ ಬೇಲಿ ಇವಿಷ್ಟೇ ಕಾಣುತ್ತವೆ.

ತೋಪು ಹೋದರೆ ಊರಿಗೆ ಹಣ್ಣು, ಸೌದೆ, ಸೊಪ್ಪು ನಷ್ಟವಾಗುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅದರೊಡನೆ ಊರವರ ಆರೋಗ್ಯದ ಒಂದು ಪಾಲೂ ಹೋಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಈ ಲೇಖನದಲ್ಲಿ ತೋಪಿನಿಂದ ದೇಹಕ್ಕೂ ಮನಸ್ಸಿಗೂ ಆಗುವ ಉಪಯೋಗ, ಅದನ್ನು ಮತ್ತೆ ಬೆಳೆಸುವ ವಿಧಾನ ಮತ್ತು ಎಲ್ಲರಿಗೂ ತೆರೆದಿಡಬೇಕಾದ ಅಗತ್ಯವನ್ನು ವಿವರಿಸಲಾಗಿದೆ.

ನೆರಳು ದೇಹವನ್ನು ಕಾಯುವ ಬಗೆ

ಬಿಸಿಲಿನಲ್ಲಿ ದುಡಿಯುವವರ ದೇಹಕ್ಕೆ ಶಾಖವು ಮೂರು ಕಡೆಯಿಂದ ಬರುತ್ತದೆ. ಸುತ್ತಲಿನ ಗಾಳಿಯಿಂದ, ನೇರವಾಗಿ ಸೂರ್ಯನಿಂದ ಮತ್ತು ಕಾದ ನೆಲದಿಂದ. ಇದಲ್ಲದೆ ದುಡಿಯುವ ದೇಹದೊಳಗೂ ಶಾಖ ಹುಟ್ಟುತ್ತಿರುತ್ತದೆ. ಮರದ ಕೆಳಗೆ ಉಷ್ಣಮಾಪಕವನ್ನು ಇಟ್ಟು ನೋಡಿದರೆ ಗಾಳಿಯ ಶಾಖವು ಬಯಲಿಗಿಂತ ಬಹಳವೇನೂ ಕಡಿಮೆ ಇರುವುದಿಲ್ಲ. ಆದರೂ ನೆರಳಿಗೆ ಬಂದ ಕೂಡಲೇ ಹಾಯೆನಿಸುವುದೇಕೆ? ಸೂರ್ಯನ ನೇರ ಕಿರಣವನ್ನೂ, ಕಾದ ನೆಲದ ಝಳವನ್ನೂ ಮರವು ಒಟ್ಟಿಗೆ ತಡೆಯುವುದೇ ಇದಕ್ಕೆ ಕಾರಣ. ಅಲ್ಲದೆ ಎಲೆಗಳು ತಮ್ಮ ಸಣ್ಣ ರಂಧ್ರಗಳಿಂದ ನೀರಿನ ಆವಿಯನ್ನು ಹೊರಬಿಡುತ್ತವೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವು ಎಲೆಯಿಂದ ಮತ್ತು ಸುತ್ತಲಿನ ಗಾಳಿಯಿಂದ ಹೋಗುತ್ತದೆ. ತಗಡಿನ ಚಪ್ಪರದ ನೆರಳಿಗೂ ಹೊಂಗೆಯ ನೆರಳಿಗೂ ಇರುವ ವ್ಯತ್ಯಾಸ ಇದೇ. ತಗಡು ತಾನೇ ಕಾದು ಶಾಖವನ್ನು ಕೆಳಗೆ ಸೂಸುತ್ತದೆ, ಎಲೆ ಹಾಗೆ ಕಾಯುವುದಿಲ್ಲ.

ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಹೊಲದಲ್ಲಿ ದುಡಿಯುವವರಿಗೆ ತಲೆಸುತ್ತು, ವಾಕರಿಕೆ, ಕಾಲಿನ ಮಾಂಸಖಂಡಗಳ ಸೆಳೆತ ಕಾಣಿಸಿಕೊಂಡರೆ ದೇಹವು ಶಾಖವನ್ನು ತಾಳಲಾರದೆ ಹೋಗಿದೆ ಎಂದು ತಿಳಿಯಬೇಕು. ಕೂಡಲೇ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಬೇಕು. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವಾಗಿ ನೀರು ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಸಬಹುದು. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಮೈ ತಣಿಸುತ್ತಲೇ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಕೂಗಳತೆಯಲ್ಲಿ ತೋಪೊಂದಿದ್ದರೆ ಇಂಥ ವೇಳೆಯಲ್ಲಿ ಅದೇ ಮೊದಲ ಚಿಕಿತ್ಸೆಯ ಸ್ಥಳ.

ಮನಸ್ಸಿಗೆ ಆಗುವ ಉಪಯೋಗ

ಮರದ ಕೆಳಗೆ ಕೂತರೆ ಮನಸ್ಸು ತಿಳಿಯಾಗುತ್ತದೆಂದು ನಮ್ಮವರು ಬಹಳ ಹಿಂದಿನಿಂದ ಬಲ್ಲರು. ಇದನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ದಾಖಲೆಗಳನ್ನು ರೋಜರ್ ಅಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ರೋಗಿಗಳನ್ನು, ಬರಿಯ ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ರೋಗಿಗಳೊಡನೆ ಹೋಲಿಸಲಾಯಿತು. ಮರಗಳನ್ನು ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನದಷ್ಟು ಬೇಗನೆ ಮನೆಗೆ ಮರಳಿದರು. ಅವರಿಗೆ ಬೇಕಾದ ತೀಕ್ಷ್ಣ ನೋವುನಿವಾರಕಗಳೂ ಕಡಿಮೆ.

ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಮರಗಿಡಗಳ ನಡುವೆ ಕಳೆಯುವವರು ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿದೆಯೆಂದು ಹೇಳುವುದು ಹೆಚ್ಚೆಂದು ಕಂಡುಬಂದಿತು. ಒಮ್ಮೆಗೇ ಎರಡು ಗಂಟೆ ಕಳೆದರೂ, ಹಲವು ದಿನ ಸ್ವಲ್ಪ ಸ್ವಲ್ಪ ಕಳೆದರೂ ಫಲ ಒಂದೇ. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುವುದರಿಂದಲೂ ಹೀಗೆ ಕಾಣಬಹುದು. ಆದ್ದರಿಂದ ತೋಪನ್ನು ಔಷಧಿಯೆಂದು ತಿಳಿಯಕೂಡದು. ಆದರೆ ದಿನಕ್ಕೆ ಇಪ್ಪತ್ತು ನಿಮಿಷ ತೋಪಿನಲ್ಲಿ ಕಳೆಯುವುದು ಯಾವ ಹಳ್ಳಿಯವರಿಗೂ ಭಾರವಲ್ಲ.

ಮುದುಕರಿಗೆ ಸಂಜೆ ನಾಲ್ಕು ಹೆಜ್ಜೆ ನಡೆದುಬರಲು, ಓರಗೆಯವರೊಡನೆ ಮಾತನಾಡಲು ತೋಪು ಒಂದು ನೆಪ. ಮನೆಯ ಮೂಲೆಯಲ್ಲಿ ಒಂಟಿಯಾಗಿ ಕೂರುವುದು ತಪ್ಪುತ್ತದೆ. ಮಕ್ಕಳಿಗೆ ಆಟದ ಜೊತೆಗೆ ಕಣ್ಣಿಗೂ ಇದು ಹಿತ. ಹಗಲಿನಲ್ಲಿ ಹೆಚ್ಚು ಹೊತ್ತು ಹೊರಗೆ ಕಳೆಯುವ ಮಕ್ಕಳಲ್ಲಿ ದೂರದ್ದು ಕಾಣದಿರುವ ದೃಷ್ಟಿದೋಷ ಕಡಿಮೆಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮೊಬೈಲು ಹಿಡಿದು ಕೂರುವ ಮಕ್ಕಳಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನಮಗೆ ಹೊಲವಿದೆಯಲ್ಲ, ತೋಪೇಕೆ?

ಹೀಗೆ ನೀವು ಕೇಳಬಹುದು. ದಿನವೆಲ್ಲ ಹಸುರಿನ ನಡುವೆಯೇ ಇರುವ ರೈತನಿಗೆ ಬೇರೆ ತೋಪೇಕೆಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಹೊಲವು ದುಡಿಮೆಯ ಸ್ಥಳ. ಅಲ್ಲಿ ಕಣ್ಣಿಗೆ ಬೀಳುವುದು ಕಳೆ, ಕೀಟ, ಕೂಲಿ, ಸಾಲ. ಬದುವಿನ ಮರಗಳನ್ನೂ ಬೆಳೆಗೆ ನೆರಳಾಗುತ್ತದೆಂದು ಕಡಿದಿದ್ದೇವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಊರಿನಲ್ಲಿ ಎಲ್ಲರಿಗೂ ಹೊಲವಿಲ್ಲ. ಕೂಲಿಕಾರರು, ಕುರಿ ಕಾಯುವವರು, ಸೌದೆಗೆ ಹೋಗುವ ಹೆಂಗಸರು, ಸಂತೆಗೆ ನಡೆದುಹೋಗುವವರು ಇವರಿಗೆ ತಮ್ಮದೆಂಬ ಒಂದು ಮರವೂ ಇಲ್ಲ. ನಿಮ್ಮ ತೆಂಗಿನ ತೋಟದಲ್ಲಿ ಅವರು ಕೇಳದೆ ಕೂರುವಂತಿಲ್ಲ. ಗುಂಡುತೋಪಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಅದರ ಬೆಲೆ ಇರುವುದೇ ಅಲ್ಲಿ.

ಈ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅರಳಿಕಟ್ಟೆಯಲ್ಲಿ ಎಲ್ಲ ಜಾತಿಯವರೂ ಕೂರುವಂತಿರದ ಊರುಗಳು ಇದ್ದವು. ಹೆಂಗಸರು ಕೂರುವ ವಾಡಿಕೆಯಿರದ ಊರುಗಳೂ ಇದ್ದವು. ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮುಂತಾದ ಸ್ಥಳಗಳಿಗೆ ಜಾತಿ, ಧರ್ಮ, ಲಿಂಗದ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ನಮ್ಮ ಸಂವಿಧಾನದ 15ನೆಯ ವಿಧಿ ಹೇಳುತ್ತದೆ. ತೋಪನ್ನು ಪುನಃ ಬೆಳೆಸುವಾಗ ಈ ಹಳೆಯ ಕಟ್ಟನ್ನೂ ಬಿಡಿಸಬೇಕು. ಅರ್ಧ ಊರಿಗೆ ಸಿಗದ ನೆರಳು ಊರಿನ ನೆರಳಾಗದು.

ತೋಪುಗಳು ಕರಗಿದ ಬಗೆ

ಹಸುರೆಲೆ ಗೊಬ್ಬರದ ಬಳಕೆ ಕಡಿಮೆಯಾದ ಮೇಲೆ ಹೊಂಗೆ ತೋಪಿನ ಕಡೆ ರೈತರ ಗಮನ ತಗ್ಗಿತು. ಸತ್ತ ಮರದ ಜಾಗದಲ್ಲಿ ಹೊಸ ಗಿಡ ನೆಡುವವರಿಲ್ಲವಾಯಿತು. ಖಾಲಿ ಜಾಗಕ್ಕೆ ಒತ್ತುವರಿ ಬಂತು, ಕಟ್ಟಡಗಳು ಬಂದವು. ಕೆಲವೆಡೆ ಮಿಶ್ರ ತೋಪಿನ ಜಾಗಕ್ಕೆ ನೀಲಗಿರಿ ಬಂತು. ನೀಲಗಿರಿ ಬೇಗ ಬೆಳೆಯುತ್ತದೆ, ನಿಜ. ಆದರೆ ಅದರ ನೆರಳು ತೆಳು, ದನಕ್ಕೆ ಮೇವಿಲ್ಲ, ಮಕ್ಕಳಿಗೆ ಹಣ್ಣಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ತಡೆಯಲು ರಾಜ್ಯ ಸರಕಾರ 2017ರಲ್ಲಿ ಆದೇಶ ಹೊರಡಿಸಿತು.

ದೇವರ ಭಯವಿದ್ದ ಕಡೆಗಳಲ್ಲೂ ಇದೇ ಕಥೆ. ಕೊಡಗಿನಲ್ಲಿ 1905ರಲ್ಲಿ 15,506 ಎಕರೆಯಿದ್ದ ದೇವರಕಾಡುಗಳು 1985ರ ವೇಳೆಗೆ 6,299 ಎಕರೆಗೆ ಇಳಿದಿದ್ದವು.

ಆದರೆ ಉಳಿದ ಉದಾಹರಣೆಗಳೂ ಇವೆ. ದೇವನಹಳ್ಳಿಯ ಹತ್ತಿರದ ನಲ್ಲೂರಿನ ಹುಣಸೆ ತೋಪು ಸುಮಾರು 54 ಎಕರೆ ಹರಡಿಕೊಂಡಿದೆ. ಅಲ್ಲಿನ ಬಹು ಹಳೆಯ ಮರಗಳು ನೋಡತಕ್ಕಂಥವು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಇಂಥ ಘೋಷಣೆ ಪಡೆದ ಮೊದಲ ಸ್ಥಳ ಇದೇ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣಕ್ಕೂ ಮುಂದೆ ಇದೇ ಮಾನ್ಯತೆ ದೊರಕಿತು.

ಮೊದಲು ದಾಖಲೆ, ಆಮೇಲೆ ಗುದ್ದಲಿ

ಗಿಡ ನೆಡುವ ಮೊದಲು ಜಾಗ ಯಾವುದೆಂಬುದು ಖಚಿತವಾಗಬೇಕು.

1. ಗ್ರಾಮ ನಕ್ಷೆ ಮತ್ತು ಪಹಣಿಯನ್ನು ಪಡೆದು ಗುಂಡುತೋಪಿನ ಸರ್ವೆ ನಂಬರು, ವಿಸ್ತೀರ್ಣಗಳನ್ನು ಗುರುತಿಸಿ.

2. ಗ್ರಾಮಸಭೆಯಲ್ಲಿ ವಿಷಯವನ್ನಿಟ್ಟು, ಹದ್ದುಬಸ್ತು ಮಾಡಿಸಿಕೊಡುವಂತೆ ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಡಿ.

3. ಒತ್ತುವರಿ ಕಂಡುಬಂದರೆ ನೀವೇ ಬೇಲಿ ಕೀಳಲು ಹೋಗಬೇಡಿ. ಕಂದಾಯ ಇಲಾಖೆಯ ಮೂಲಕವೇ ತೆರವಾಗಲಿ. ಊರಿನ ಸಾಮೂಹಿಕ ಜಮೀನುಗಳ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಎಲ್ಲ ರಾಜ್ಯ ಸರಕಾರಗಳಿಗೆ ಆದೇಶಿಸಿದೆ. ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಬಹುದು.

4. ಎಲ್ಲೆಗೆ ಕಲ್ಲು ನೆಡಿಸಿ, ಸುತ್ತ ಕಂದಕ ತೆಗೆಸಿ. ಆದರೆ ಕಾಲುದಾರಿಯನ್ನು ಮುಚ್ಚಬೇಡಿ.

ಗಿಡಗಳ ಆಯ್ಕೆ

ತೋಪಿಗೆ ಒಂದೇ ಜಾತಿಯ ಮರ ಸಲ್ಲದು. ಒಂದು ಎಲೆ ಉದುರಿಸಿದಾಗ ಇನ್ನೊಂದು ನೆರಳು ಕೊಡುವಂತಿರಬೇಕು.

ಹೊಂಗೆ: ಬೇಸಗೆಯ ಮೊದಲಲ್ಲಿ ಎಲೆ ಉದುರಿಸಿದರೂ ಬೇಗನೆ ಚಿಗುರಿ, ಬಿಸಿಲು ಏರುವ ಹೊತ್ತಿಗೆ ದಟ್ಟ ನೆರಳು ಕೊಡುತ್ತದೆ. ದನಕರುಗಳು ಇದರ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಬೆಳೆಸುವುದು ಸುಲಭ.

ನೇರಳೆ: ವರ್ಷವೆಲ್ಲ ಹಸುರು. ಕೆರೆಯ ಹತ್ತಿರದ ತಂಪು ಜಾಗಕ್ಕೆ ತಕ್ಕದ್ದು.

ಹುಣಸೆ, ಮಾವು, ಹಲಸು: ನೆರಳೂ ಆಯಿತು, ಫಸಲೂ ಆಯಿತು. ಫಸಲಿನ ಹಣದಿಂದಲೇ ತೋಪಿನ ಖರ್ಚು ಸಾಗಬಹುದು.

ಆಲ, ಅರಳಿ, ಬಸರಿ, ಅತ್ತಿ: ಬೇರೆ ಹಣ್ಣಿಲ್ಲದ ಕಾಲದಲ್ಲೂ ಹಕ್ಕಿಗಳಿಗೆ ಆಹಾರ. ಹಕ್ಕಿಗಳಿದ್ದ ತೋಪಿನಲ್ಲಿ ಕಿವಿಗೂ ಹಿತ, ಸುತ್ತಲ ಹೊಲಗಳ ಹುಳುಗಳೂ ಹಿಡಿತದಲ್ಲಿರುತ್ತವೆ.

ಬೇವು, ಹಿಪ್ಪೆ, ನೆಲ್ಲಿ, ಬೇಲ: ಒಣ ನೆಲಕ್ಕೆ ತಕ್ಕವು.

ನೆಡುವ ವಿಧಾನ

ಏಪ್ರಿಲ್, ಮೇ ತಿಂಗಳಲ್ಲಿ 60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ದೊಡ್ಡ ಮರಗಳಿಗೆ 10 ಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 40 ಗಿಡ ಹಿಡಿಸುತ್ತವೆ. ಆಲಕ್ಕೆ ಇನ್ನೂ ಹೆಚ್ಚು ಅಂತರ ಬೇಕು. ಮೇಲ್ಮಣ್ಣಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಗೆದ್ದಲಿನ ಕಾಟವಿದ್ದರೆ ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ಗುಂಡಿ ತುಂಬಬೇಕು. ಒಂದೆರಡು ಹದ ಮಳೆಯಾದ ಮೇಲೆ ಜೂನ್, ಜುಲೈನಲ್ಲಿ ನೆಡಬೇಕು. ಸಾಮಾಜಿಕ ಅರಣ್ಯ ವಿಭಾಗದ ಸಸ್ಯಕ್ಷೇತ್ರದಲ್ಲಿ ಸಿಗುವ ಗಿಡಗಳಲ್ಲಿ ಐದಾರು ಅಡಿ ಎತ್ತರದವನ್ನೇ ಆರಿಸಿ. ಅಂಗೈ ಉದ್ದದ ಸಸಿಗಳು ಮೇಕೆಯ ಬಾಯಿಗೆ ಹೋಗುತ್ತವೆ.

ಆಲವನ್ನು ಗೂಟದಿಂದಲೂ ಬೆಳೆಸಬಹುದು. ತೋಳು ಗಾತ್ರದ, ಆಳುದ್ದಕ್ಕಿಂತ ಹೆಚ್ಚಿನ ಕೊಂಬೆಯನ್ನು ಕಡಿದು, ಮುಂಗಾರಿನ ಮೊದಲಲ್ಲಿ ಎರಡು ಅಡಿ ಆಳಕ್ಕೆ ನೆಟ್ಟು, ತುದಿಗೆ ಸಗಣಿ ಮಣ್ಣು ಮೆತ್ತಬೇಕು.

ಪ್ರತಿ ಗಿಡಕ್ಕೂ ಮುಳ್ಳಿನ ತಡಿಕೆ ಕಟ್ಟಿ, ಬುಡಕ್ಕೆ ತರಗು ಹಾಸಿ. ಮೊದಲ ಎರಡು ಬೇಸಗೆ ನೀರು ಅಗತ್ಯ. ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ತೂರಿಸಿದ ಮಡಕೆಯನ್ನು ಬುಡದ ಪಕ್ಕ ಹೂತು, ಬರಿದಾದಾಗಲೆಲ್ಲ ತುಂಬಿದರೆ ಕೊಡ ನೀರೂ ಪೋಲಾಗುವುದಿಲ್ಲ. ಗುಂಡಿ ತೆಗೆಯುವ, ಕಂದಕ ತೋಡುವ ಕೆಲಸವನ್ನು ಗ್ರಾಮೀಣ ಉದ್ಯೋಗ ಯೋಜನೆಯಡಿ ಸೇರಿಸಲು ಬರುವುದೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಲಂಟಾನ ಮತ್ತು ಪಾರ್ಥೇನಿಯಂ ಕಳೆಗಳನ್ನು ಹೂ ಬಿಡುವ ಮೊದಲೇ ಬೇರುಸಹಿತ ತೆಗೆಯಿರಿ. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಚರ್ಮದ ಉರಿ, ತುರಿಕೆ, ಅದರ ಪರಾಗದಿಂದ ಉಬ್ಬಸ ಬರುತ್ತದೆ. ಕೀಳುವಾಗ ಕೈಚೀಲ ಧರಿಸುವುದು ಒಳ್ಳೆಯದು.

ಬಳಕೆಯ ಕಟ್ಟಳೆಗಳು

ತೋಪು ಬೆಳೆದ ಮೇಲೆ ಅದಕ್ಕೆ ಬೀಗ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಗ್ರಾಮಸಭೆಯಲ್ಲಿ ಈ ಕೆಲವು ಕಟ್ಟಳೆಗಳನ್ನು ಗೊತ್ತುಮಾಡಿಕೊಳ್ಳಿ:

1. ಫಸಲನ್ನು ಹರಾಜು ಹಾಕಿದರೂ, ಕೂರುವ, ನಡೆದಾಡುವ, ಬಿದ್ದ ಹಣ್ಣು ಆರಿಸುವ ಹಕ್ಕು ಎಲ್ಲರಿಗೂ ಇರತಕ್ಕದ್ದೆಂದು ಹರಾಜಿನ ಕರಾರಿನಲ್ಲೇ ಬರೆಸಬೇಕು.

2. ಒಣ ಸೌದೆ ಆರಿಸಬಹುದು, ಹಸಿ ಕೊಂಬೆ ಕಡಿಯಕೂಡದು.

3. ಎಳೆಯ ಗಿಡಗಳಿರುವ ಭಾಗಕ್ಕೆ ಮೂರು ವರ್ಷ ದನಕುರಿ ಬಿಡಬಾರದು, ಉಳಿದ ಭಾಗ ತೆರೆದಿರಲಿ.

4. ಹೆಂಗಸರೂ ಮುದುಕರೂ ಕೂರಲು ಎರಡು ಮೂರು ಕಡೆ ಬೇರೆ ಬೇರೆ ಕಟ್ಟೆಗಳಿರಲಿ. ಕುಡಿತ, ಇಸ್ಪೀಟು, ಕಸ ಸುರಿಯುವುದು ಸಲ್ಲದು.

5. ಮಳೆಗಾಲಕ್ಕೆ ಮುಂಚೆ ಒಣಗಿದ ದೊಡ್ಡ ಕೊಂಬೆಗಳನ್ನು ಇಳಿಸಬೇಕು. ಗುಡುಗು ಮಿಂಚಿನ ವೇಳೆಯಲ್ಲಿ ಮರದ ಕೆಳಗೆ ಯಾರೂ ನಿಲ್ಲಕೂಡದು. ಹೆಜ್ಜೇನು ಕಟ್ಟಿದ ಮರಕ್ಕೆ ಕಲ್ಲೆಸೆಯದಂತೆ ಮಕ್ಕಳಿಗೆ ತಿಳಿಹೇಳಬೇಕು.

ಇದಾವುದಕ್ಕೂ ಬಹಳ ಹಣ ಬೇಕಾಗಿಲ್ಲ, ಬೇಕಾದುದು ಊರವರ ಒಮ್ಮತ. ಈಗ ನೆಟ್ಟ ಹೊಂಗೆ ಕೆಲವೇ ವರ್ಷಗಳಲ್ಲಿ ಕೂರುವಷ್ಟು ನೆರಳು ಕೊಡುತ್ತದೆ. ಹುಣಸೆ, ಆಲಗಳು ಮೊಮ್ಮಕ್ಕಳ ಕಾಲಕ್ಕೆ. ನಾವು ಕೂತ ನೆರಳನ್ನು ನೆಟ್ಟವರು ಯಾರೆಂದು ನಮಗೂ ಗೊತ್ತಿಲ್ಲ. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮೂರ ಗುಂಡುತೋಪಿನ ಪಹಣಿಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಿ. ಕೆಲಸ ಅಲ್ಲಿಂದ ಮೊದಲಾಗಲಿ.