ತಗಡಿನ ಮೇಲಿನ ಸತು, ರಕ್ತದೊಳಗಿನ ಸತು

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಸೋದರಮಾವ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ಏನು ತಿಂದ್ರೂ ಮಣ್ಣು ತಿಂದ ಹಾಗಿರುತ್ತೆ ಕಣೋ" ಅಂದರು. ಎರಡು ವರ್ಷದಿಂದ ಅವರಿಗೆ ಡಯಾಲಿಸಿಸ್ ನಡೀತಿದೆ. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಜಿಂಕ್, ಅಂದರೆ ಸತು, ಕಡಿಮೆ ಅಂತ ಇತ್ತು. ನಾನು ಜಾಣತನ ತೋರಿಸಿದೆ: "ಜಿಂಕ್ ಅಂದ್ರೆ ಆಂಟಿಆಕ್ಸಿಡೆಂಟ್ ಮಾವ, ಮೆಡಿಕಲ್ ಶಾಪಿಂದ ಮಾತ್ರೆ ತರ್ತೀನಿ." ಅತ್ತೆ, "ಡಾಕ್ಟರನ್ನ ಕೇಳದೆ ಏನೂ ಬೇಡಪ್ಪ" ಅಂದಿದ್ದಕ್ಕೆ ಸುಮ್ಮನಾದೆ. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ನನ್ನ ತಲೆಯಲ್ಲಿದ್ದದ್ದು ಫಸ್ಟ್ ಇಯರ್ ಕೆಮಿಸ್ಟ್ರಿಯ ಗ್ಯಾಲ್ವನೈಸಿಂಗ್ ಪಾಠ!

ನೆನಪಿದೆಯಲ್ಲ? ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡ್ತೀವಿ. ಸತು ತನ್ನ ಎಲೆಕ್ಟ್ರಾನ್ ಬಿಟ್ಟುಕೊಟ್ಟು, ತಾನು ಸವೆದು ಕಬ್ಬಿಣವನ್ನು ಕಾಯುತ್ತೆ. ದೇಹದೊಳಗೆ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿ ಸತು ಇರೋದೇ ಎರಡು ಎಲೆಕ್ಟ್ರಾನ್ ಕಳಕೊಂಡ ಅಯಾನಾಗಿ. ಇನ್ನು ಕೊಡೋಕೆ ಅದರ ಹತ್ತಿರ ಏನೂ ಉಳಿದಿರೋದಿಲ್ಲ. ಕಬ್ಬಿಣ, ತಾಮ್ರ ಎರಡು ಸ್ಥಿತಿಗಳ ನಡುವೆ ಓಡಾಡ್ತವೆ. ಬಿಡಿಯಾಗಿ ಸಿಕ್ಕರೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಅಪಾಯಕಾರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸ್ತವೆ. ಇದೇ ಫೆಂಟನ್ ಕ್ರಿಯೆ. ಸತು ಈ ಗಲಾಟೆಗೇ ಹೋಗೋದಿಲ್ಲ, ಅದರ ಉಪಯೋಗ ಬೇರೆ ಥರದ್ದು. ಪ್ರೋಟೀನಿನ ಗಂಧಕದ ಗುಂಪುಗಳನ್ನು ಹಿಡಿದುಕೊಂಡು, ಅವು ಆಕ್ಸಿಡೈಸ್ ಆಗದಂತೆ ನೋಡಿಕೊಳ್ಳುತ್ತೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದಲ್ಲಿ ಎಲೆಕ್ಟ್ರಾನ್ ವ್ಯವಹಾರವೆಲ್ಲ ತಾಮ್ರದ್ದು; ಪಕ್ಕದ ಸತು ಕಿಣ್ವದ ಆಕಾರ ಕೆಡದಂತೆ ಹಿಡಿದಿಡುತ್ತೆ.

ಕಿಡ್ನಿ ಕೆಟ್ಟವರಿಗೆ ಎರಡೂ ಕಡೆಯಿಂದ ಪೆಟ್ಟು. ಹೊರಹೋಗಬೇಕಾದ ವಿಷಗಳು ರಕ್ತದಲ್ಲೇ ಉಳಿದು ಉರಿಯೂತ ಹೆಚ್ಚಿಸ್ತವೆ. ಡಯಾಲಿಸಿಸ್ ಪೊರೆ ತಾಗಿದ ಬಿಳಿರಕ್ತಕಣಗಳು ಕೆರಳಿ ಸೂಪರಾಕ್ಸೈಡ್ ಉಗುಳ್ತವೆ. ಹೀಗೆ ರ‍್ಯಾಡಿಕಲ್ ಹೆಚ್ಚಾಗುವಾಗಲೇ ಸತು ಇಳಿಯುತ್ತೆ. ನಮ್ಮ ಮೈಯಲ್ಲಿರೋದೇ ಸುಮಾರು 2 ಗ್ರಾಂ, ಬಹುಪಾಲು ಸ್ನಾಯು, ಮೂಳೆಗಳಲ್ಲಿ. ಕಬ್ಬಿಣಕ್ಕಿರುವಂಥ ಗೋದಾಮು ಇದಕ್ಕಿಲ್ಲ. ಹಸಿವಿಲ್ಲ, ಪ್ರೋಟೀನಿಗೆ ಪಥ್ಯ, ಇನ್ನೂ ಡಯಾಲಿಸಿಸ್ ಶುರುವಾಗದವರಲ್ಲಿ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಜೊತೆ ಸತುವೂ ಹೋಗುತ್ತೆ. ರುಚಿಮೊಗ್ಗುಗಳು ಹೊಸದಾಗಿ ಬೆಳೆಯೋಕೂ ಸತು ಬೇಕು. ಅದು ಕಡಿಮೆಯಾದರೆ ಊಟ ಸೇರೋದಿಲ್ಲ, ಊಟ ಬಿಟ್ಟರೆ ಸತು ಇನ್ನೂ ಕಡಿಮೆ. ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್‌ಗೆ ಇದಕ್ಕಿಂತ ಕೆಟ್ಟ ಉದಾಹರಣೆ ಬೇಕಾ?

ನಮ್ಮ ಊಟದ್ದೂ ಒಂದು ಪಾತ್ರವಿದೆ. ರಾಗಿ, ಗೋಧಿ, ಬೇಳೆಗಳಲ್ಲಿರುವ ಫೈಟೇಟ್ ಕರುಳಿನಲ್ಲಿ ಸತುವನ್ನು ಕಟ್ಟಿಹಾಕುತ್ತೆ. ಮನುಷ್ಯರಿಗೂ ಸತುವಿನ ಕೊರತೆ ಬರಬಹುದು ಅಂತ 1961ರಲ್ಲಿ ಇರಾನಿನ ರೋಗಿಗಳನ್ನು ನೋಡಿ ಮೊದಲು ಸೂಚಿಸಿದವರು ಭಾರತದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. ಅಲ್ಲಿ ಊಟವೆಲ್ಲ ಹೆಚ್ಚುಕಡಿಮೆ ರೊಟ್ಟಿಯೇ. ಮೊಳಕೆ ಬರಿಸಿದರೆ, ಹಿಟ್ಟು ಹುದುಗಿಸಿದರೆ ಫೈಟೇಟ್ ಕಡಿಮೆಯಾಗುತ್ತೆ. ಆದರೆ ಕಿಡ್ನಿ ರೋಗಿಗೆ ಮೊಳಕೆಕಾಳಿನ ಬಟ್ಟಲು ಕೊಡೋಕೂ ಪೊಟ್ಯಾಸಿಯಂ ಲೆಕ್ಕ ಹಾಕಬೇಕು.

ಹಾಗಾದರೆ ಮಾತ್ರೆ? ಇಲ್ಲೇ ನಾನು ಎಡವಿದ್ದು. ಮೊದಲನೆಯದು, ಆ ರೀಡಿಂಗೇ ಪೂರ್ತಿ ನಂಬೋ ಹಾಗಿಲ್ಲ. ರಕ್ತದ ಸತು ಹೆಚ್ಚಾಗಿ ಆಲ್ಬುಮಿನ್ ಬೆನ್ನೇರಿ ಓಡಾಡುತ್ತೆ. ಆಲ್ಬುಮಿನ್ ಕುಸಿದರೂ, ಉರಿಯೂತ ಇದ್ದರೂ ಸಂಖ್ಯೆ ಇಳಿಯುತ್ತೆ. ಎರಡನೆಯದು ಇನ್ನೂ ಕಷ್ಟದ್ದು: ಸತು ಅತಿಯಾದರೆ ಕರುಳಿನ ಕೋಶಗಳು ಮೆಟಲೊಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸ್ತವೆ. ಅದು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತೆ, ಆ ಕೋಶಗಳು ಉದುರಿದಾಗ ತಾಮ್ರವೂ ಮಲದಲ್ಲಿ ಹೋಗುತ್ತೆ. ತಾಮ್ರವಿಲ್ಲದೆ ರಕ್ತಹೀನತೆ, ಜೊತೆಗೆ ಮೇಲೆ ಹೇಳಿದ ಆ ಕಿಣ್ವಕ್ಕೂ ಉಪವಾಸ. ಸತು ಕೊಟ್ಟಾಗ ರಕ್ತದ ಮಟ್ಟ ಏರಿದ್ದು, ಆಕ್ಸಿಡೇಟಿವ್ ಸ್ಟ್ರೆಸ್‌ನ ಕೆಲವು ಸೂಚಕಗಳು ಸುಧಾರಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ರೋಗಿಯ ಆಯಸ್ಸು ಹೆಚ್ಚುತ್ತೆ ಅನ್ನೋದು ಸಾಬೀತಾಗಿಲ್ಲ.

ಮಾವನ ಡಾಕ್ಟರು ಆಲ್ಬುಮಿನ್, ತಾಮ್ರ ಎರಡನ್ನೂ ನೋಡಿ ಸಣ್ಣ ಡೋಸ್ ಬರೆದುಕೊಟ್ಟರು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಮೊನ್ನೆ ಫೋನ್ ಮಾಡಿದ್ದೆ. "ಹುಳಿ ಸ್ವಲ್ಪ ಗೊತ್ತಾಗ್ತಿದೆ, ಉಪ್ಪು ಇನ್ನೂ ಇಲ್ಲ" ಅಂದರು. ಹಿಂದಿನಿಂದ ಅತ್ತೆಯ ದನಿ: "ಉಪ್ಪು ಹಾಕಿದ್ರೆ ತಾನೇ ಗೊತ್ತಾಗೋಕೆ!"