ಮೊಲದ ಹಲ್ಲು ಮತ್ತು ಶಹಾಬಾದಿನ ಕಲ್ಲು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ವಾದಿಸುವವರು ನಮ್ಮಲ್ಲಿ ಬಹುಮಂದಿ ಉಂಟು. ಅದರ ಹಲ್ಲುಗಳನ್ನು ಎಣಿಸಿದವರು ಮಾತ್ರ ವಿರಳ. ಅವು ಒಟ್ಟು 28. ಈ ಎಣಿಕೆಯನ್ನು ನಾನು ಕಲಿತದ್ದು ಒಂದು ತಪ್ಪು ಸಲಹೆಯನ್ನು ಕೊಟ್ಟಾದ ಮೇಲೆ.

ಶಹಾಬಾದಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಬಿಳಿಯ ಮೊಲವೊಂದಿತ್ತು. "ಸರ್, ಮೊಲದ ಹಲ್ಲು ಬೆಳೆಯುತ್ತಲೇ ಇರುತ್ತವಂತೆ. ಅವು ಸವೆಯುವುದಕ್ಕೆ ಏನು ಕೊಡಬೇಕು?" ಎಂದು ಅವನು ಕೇಳಿದನು. ಹಾಸುಗಲ್ಲಿನ ನಾಡಿನಲ್ಲಿ ಕಲ್ಲಿಗೇನು ಬರ? ಒಂದು ತುಂಡನ್ನು ಗೂಡಿನೊಳಗೆ ಇಡು ಎಂದುಬಿಟ್ಟೆನು. ಭೌತಶಾಸ್ತ್ರವನ್ನು ಬೋಧಿಸುವವನು ಅಷ್ಟು ಬೇಗ ಬಾಯಿ ತೆರೆಯಬಾರದಾಗಿತ್ತು.

ಪದಾರ್ಥಗಳ ಗಡಸುತನವನ್ನು ಹೋಲಿಸಲು ಮೋಸ್ ಎಂಬ ಜರ್ಮನ್ ವಿಜ್ಞಾನಿಯು 1812ರಲ್ಲಿ ರಚಿಸಿದ ಮಾನವೊಂದಿದೆ. ಶಹಾಬಾದ್, ವಾಡಿ, ಸೇಡಂಗಳ ನೆಲದಡಿಯಲ್ಲಿರುವ ಸುಣ್ಣದ ಕಲ್ಲು ಬಹುಮಟ್ಟಿಗೆ ಕ್ಯಾಲ್ಸೈಟ್. ಮೋಸ್ ಮಾನದಲ್ಲಿ ಅದರ ಗಡಸುತನ 3. ಹಲ್ಲಿನ ಹೊರಕವಚವಾದ ಎನಾಮೆಲ್ ಆದರೋ ಅಪಟೈಟ್ ಜಾತಿಯ ಖನಿಜ. ಅದರದು ಸುಮಾರು 5. ಗಡಸಾದುದು ಮೆದುವಾದುದನ್ನು ಗೀರುವುದೇ ಹೊರತು ಮೆದುವಾದುದು ಗಡಸನ್ನು ಗೀರಲಾರದು. ಕಲ್ಲಿನಲ್ಲಿ ಬೆರೆತ ಸಿಲಿಕದ ಕಣಗಳು ಅಲ್ಪಸ್ವಲ್ಪ ಉಜ್ಜಬಹುದು, ನಿಜ. ಆದರೆ ನನ್ನ ಸಲಹೆಯಲ್ಲಿ ಇದಕ್ಕಿಂತ ದೊಡ್ಡ ದೋಷವಿತ್ತು. ಕಲ್ಲನ್ನು ಕಡಿಯುವುದು ಮುಂದಿನ ಬಾಚಿಹಲ್ಲು. ರೋಗವು ಹೆಚ್ಚಾಗಿ ತಲೆಹಾಕುವುದು ಕಣ್ಣಿಗೆ ಬೀಳದ ದವಡೆಯ ಹಲ್ಲುಗಳಲ್ಲಿ.

ಮೊಲದ ಬಾಯಿಯ ರಚನೆಯನ್ನು ನೋಡೋಣ. ಮೇಲೆ ಎರಡು ದೊಡ್ಡ ಬಾಚಿಹಲ್ಲುಗಳು, ಅವುಗಳ ಬೆನ್ನಿಗೆ ಅಂಟಿದಂತೆ ಗೂಟದಂಥ ಎರಡು ಕಿರುಹಲ್ಲುಗಳು, ಕೆಳಗೆ ಎರಡು. ಕೋರೆಹಲ್ಲಿಲ್ಲ. ಹಿಂದೆ, ಮೇಲ್ದವಡೆಯ ಒಂದೊಂದು ಪಕ್ಕಕ್ಕೆ ಆರು, ಕೆಳದವಡೆಯ ಒಂದೊಂದು ಪಕ್ಕಕ್ಕೆ ಐದು ಅರೆಯುವ ಹಲ್ಲುಗಳು. ಆ ಕಿರುಹಲ್ಲುಗಳು ಇಲಿಗಳಿಗಿಲ್ಲ. ಇಂಥ ಭೇದಗಳನ್ನು ಮುಂದಿಟ್ಟುಕೊಂಡೇ 1912ರಲ್ಲಿ ಗಿಡ್ಲಿ ಎಂಬ ಪ್ರಾಣಿವಿಜ್ಞಾನಿಯು ಮೊಲಗಳನ್ನು ಇಲಿ-ಅಳಿಲುಗಳ ಗಣದಿಂದ ಬೇರ್ಪಡಿಸಬೇಕೆಂದು ವಾದಿಸಿದನು. ಇನ್ನೂ ಒಂದು ವ್ಯತ್ಯಾಸ ಉಂಟು: ಇಲಿಗೆ ಜೀವಮಾನವಿಡೀ ಬೆಳೆಯುವುದು ಬಾಚಿಹಲ್ಲು ಮಾತ್ರ, ಮೊಲಕ್ಕೆ ಇಪ್ಪತ್ತೆಂಟೂ ಬೆಳೆಯುತ್ತವೆ.

ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುವುದು. ವರ್ಷಕ್ಕೆ ಲೆಕ್ಕ ಹಾಕಿದರೆ 10 ಸೆಂಟಿಮೀಟರಿಗೂ ಮಿಕ್ಕುತ್ತದೆ. ಆದರೂ ಆರೋಗ್ಯವಂತ ಮೊಲದ ಹಲ್ಲು ಅಷ್ಟೇ ಉದ್ದ ಉಳಿಯುವುದೇಕೆ? ಒಂದು ನಳದಿಂದ ನೀರು ಬರುತ್ತ, ಇನ್ನೊಂದರಿಂದ ಅಷ್ಟೇ ನೀರು ಹೊರಹೋಗುತ್ತಿದ್ದರೆ ತೊಟ್ಟಿಯ ಮಟ್ಟ ಬದಲಾಗುವುದಿಲ್ಲ. ಬೆಳೆತವು ಒಳನಳ, ಸವೆತವು ಹೊರನಳ. ಹೊರನಳ ಕಟ್ಟಿಕೊಂಡರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸವೆತ ನಡೆಯುವ ಬಗೆ ಸ್ವಾರಸ್ಯವಾದುದು. ನಮ್ಮ ಅಜ್ಜಿಯರ ಬಳಿ ಎರಡು ಸಾಧನಗಳಿದ್ದವು: ಒರಳು ಮತ್ತು ಬೀಸುವ ಕಲ್ಲು. ಒನಕೆಯು ಮೇಲಿನಿಂದ ಕೆಳಗೆ ಬೀಳುತ್ತದೆ; ಬೀಸುವ ಕಲ್ಲು ಅಡ್ಡಲಾಗಿ ಉಜ್ಜುತ್ತದೆ. ಮೊಲದ ಕೆಳದವಡೆಯು ಮೇಲ್ದವಡೆಗಿಂತ ಕಿರಿದು. ಆದುದರಿಂದ ನಾರುಳ್ಳ ಹುಲ್ಲನ್ನು ತಿನ್ನುವಾಗ ಅದು ಬದಿಯಿಂದ ಬದಿಗೆ ಜಾರುತ್ತ, ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಅರೆತಗಳಲ್ಲಿ ಬೀಸುವ ಕಲ್ಲಿನ ಕೆಲಸವನ್ನೇ ಮಾಡುವುದು. ಹಲ್ಲು ಹಲ್ಲಿಗೆ ಉಜ್ಜಿ ಎಲ್ಲೆಡೆಯೂ ಸಮನಾಗಿ ಸವೆಯುತ್ತದೆ. ಮೆದುವಾದ ಡೆಂಟಿನ್ ಬೇಗ ಸವೆದು, ಗಡಸಾದ ಎನಾಮೆಲಿನ ಏಣುಗಳು ಎದ್ದು ನಿಲ್ಲುವುದರಿಂದ, ಕಟೆಯುವವನಿಲ್ಲದೆಯೇ ಈ ಕಲ್ಲು ಸದಾ ಹರಿತವಾಗಿರುವುದು! ಹುಲ್ಲಿನಲ್ಲಿರುವ ಸಿಲಿಕದ ಪಾಲು ಇದರಲ್ಲಿ ಎಷ್ಟೆಂಬ ವಿಷಯದಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಅದೇನೇ ಇರಲಿ, ಬ್ರೆಡ್ಡು, ಬಿಸ್ಕತ್ತು, ತೊಗರಿಯ ನುಚ್ಚುಗಳನ್ನು ತಿನ್ನುವಾಗ ಮೊಲವು ಒನಕೆಯಂತೆ ನೇರವಾಗಿ ಜಜ್ಜುತ್ತದೆ, ಅದೂ ಅಲ್ಪಕಾಲ. ಆಗ ಹೊರಳಾಟವಿಲ್ಲದ ಅಂಚುಗಳು ಸವೆಯದೆ ಮುಳ್ಳುಗಳಾಗುತ್ತವೆ. ಕೆಳಹಲ್ಲಿನ ಮುಳ್ಳು ನಾಲಗೆಯನ್ನೂ ಮೇಲ್ಹಲ್ಲಿನ ಮುಳ್ಳು ಕೆನ್ನೆಯನ್ನೂ ಚುಚ್ಚುವುದು.

ನಮ್ಮ ವಿದ್ಯಾರ್ಥಿಯ ಮೊಲಕ್ಕೆ ಆದದ್ದೂ ಇದೇ. ಅದರ ಗದ್ದ ಸದಾ ಒದ್ದೆಯಾಗಿತ್ತು. ಬೇಸಗೆಯ ಸೆಕೆಗೆ ನೀರು ಹೆಚ್ಚು ಕುಡಿಯುತ್ತಿದೆ ಎಂದು ಮನೆಯವರು ಭಾವಿಸಿದರು. ತಟ್ಟೆಯ ಬಳಿಗೆ ಆತುರದಿಂದ ಬರುತ್ತಿತ್ತು, ಹುಲ್ಲನ್ನು ಮೂಸಿ ಹಿಂದಿರುಗುತ್ತಿತ್ತು. ಹಸಿವಿದ್ದೂ ತಿನ್ನಲಾರದ ಈ ಚರ್ಯೆಯೇ ಮುಖ್ಯ ಲಕ್ಷಣವೆಂದು ಯಾರಿಗೂ ಹೊಳೆಯಲಿಲ್ಲ. ಹಿಕ್ಕೆಗಳು ಸಣ್ಣವಾದವು, ಒಂದು ಕಣ್ಣಿನಿಂದ ನೀರು ಸೋರತೊಡಗಿತು. ಮೇಲ್ದವಡೆಯ ಹಲ್ಲಿನ ಬುಡವು ಒಳಮುಖವಾಗಿ ಬೆಳೆದು ಕಣ್ಣೀರಿನ ನಾಳವನ್ನು ಒತ್ತಿದರೆ ಹೀಗಾಗುವುದುಂಟು. ಕೆಳದವಡೆಯ ಬುಡವು ಹಾಗೆ ಬೆಳೆದರೆ ಗದ್ದದ ಅಂಚಿನಲ್ಲಿ ಗಂಟುಗಳು ಬೆರಳಿಗೆ ಸಿಗುತ್ತವೆ. ಕೀವು ತುಂಬಿದರೆ ಅದು ಗಟ್ಟಿಯಾದ ಬೆಣ್ಣೆಯಂತಿದ್ದು, ತಾನಾಗಿ ಹರಿದುಹೋಗುವುದಿಲ್ಲ.

ಮೊಲವು ನೋವನ್ನು ಮರೆಮಾಚುವ ಪ್ರಾಣಿ. ಆದಕಾರಣ ಕಣ್ಣಿಗಿಂತ ತಕ್ಕಡಿಯನ್ನು ನಂಬುವುದು ಮೇಲು. ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. 2 ಕಿಲೋಗ್ರಾಂ ಮೊಲವು 100 ಗ್ರಾಂ ಇಳಿದರೆ, 60 ಕಿಲೋಗ್ರಾಂ ಮನುಷ್ಯನು 3 ಕಿಲೋಗ್ರಾಂ ಇಳಿದಂತೆ. ಮೊಲವು ಒಂದು ಹಗಲು ಪೂರ್ತಿ ಏನನ್ನೂ ತಿನ್ನದಿದ್ದರೆ ನಾಳೆ ನೋಡೋಣವೆನ್ನಬಾರದು. ಅದರ ಕರುಳಿನ ಚಲನೆಯೇ ನಿಂತು ಪ್ರಾಣಕ್ಕೆ ಎರವಾದೀತು.

ಉಗುರು ಕತ್ತರಿಸುವ ಸಾಧನದಿಂದ ಮನೆಯಲ್ಲೇ ಬಾಚಿಹಲ್ಲನ್ನು ತುಂಡರಿಸುವವರಿದ್ದಾರೆ. ಹಲ್ಲು ಉದ್ದಕ್ಕೆ ಸೀಳಿ, ಬಿರುಕು ಬುಡದವರೆಗೆ ಇಳಿಯಬಹುದು. ಪಶುವೈದ್ಯರು ತಿರುಗುವ ಅರದಿಂದ ಅದನ್ನು ತೇಯುತ್ತಾರೆ. ದವಡೆಯ ಹಲ್ಲಾದರೆ ಅರಿವಳಿಕೆ ಕೊಟ್ಟೇ ಮಾಡಬೇಕು, ಬುಡದ ಸ್ಥಿತಿಯನ್ನು ಕ್ಷ-ಕಿರಣ ಚಿತ್ರದಿಂದ ಅರಿಯಬೇಕು. ಮೊಲವು ವಾಂತಿ ಮಾಡಲಾರದು; ಆದುದರಿಂದ ನಾಯಿಯಂತೆ ಅದನ್ನು ಹಿಂದಿನ ರಾತ್ರಿ ಉಪವಾಸ ಕೆಡವುವ ಅಗತ್ಯವಿಲ್ಲ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿಮಾಡಿ ನುಂಗಿಸುವುದಂತೂ ಕೂಡದು. ಪೆನಿಸಿಲಿನ್ ವರ್ಗದ ಔಷಧಗಳು ಬಾಯಿಯ ಮೂಲಕ ಹೋದರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಮೊಲವು ಸಾಯುವುದುಂಟು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಎತ್ತು, ಎಮ್ಮೆ, ಆಡುಗಳ ಕೆಲಸವೇ ಹೆಚ್ಚು. ಮೊದಲು ವಿಚಾರಿಸಿ ಹೋಗುವುದು ಒಳಿತು. ಚಿಂಚೋಳಿಯವರಿಗೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯವು ಬಹಳ ದೂರವೇನಲ್ಲ.

ಗಿಡ್ಡ ಮೂತಿಯ ತಳಿಗಳಲ್ಲಿ ದವಡೆಗಳು ಹೊಂದದಿರುವುದು ಹುಟ್ಟುದೋಷ. ಅಂಥ ಮೊಲದಿಂದ ಮರಿ ಮಾಡಿಸಬಾರದು. ಉಳಿದವಕ್ಕೆ ಔಷಧವು ಹೊಲದ ಬದುವಿನಲ್ಲೇ ಇದೆ. ನಮ್ಮ ಕಡೆ ಕರಿಕಿ ಎನ್ನುವ ಗರಿಕೆಯನ್ನೂ ಒಣಹುಲ್ಲನ್ನೂ ದಿನವಿಡೀ ಸಿಗುವಂತೆ ಇಡಬೇಕು. ಚೆನ್ನಾಗಿ ಒಣಗಿದ ಜೋಳದ ಕಣಿಕೆಯ ಎಲೆಯೂ ಆದೀತು. ಎಳೆಯ ಹಸಿ ಜೋಳದ ಪೈರು ಬೇಡ, ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಕುದುರೆಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ವಿಪರೀತ. ಬೆಳೆದ ಮೊಲಕ್ಕೆ ಅದು ನಿತ್ಯದ ಆಹಾರವಲ್ಲ. ಬದಲಾವಣೆಯನ್ನು ಹಲವು ದಿನಗಳಲ್ಲಿ ಮೆಲ್ಲಗೆ ತರಬೇಕು.

ಶಹಾಬಾದಿನ ಮೊಲ ಬದುಕಿದೆ. ಆದರೆ ಬಾಗಿಹೋದ ಹಲ್ಲು ನೆಟ್ಟಗಾಗಲಿಲ್ಲ. ಎರಡು ತಿಂಗಳಿಗೊಮ್ಮೆ ತೇಯಿಸಬೇಕು. ನಾನು ಹೇಳಿದ ಕಲ್ಲಿನ ತುಂಡು ಇನ್ನೂ ಗೂಡಿನಲ್ಲೇ ಇದೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ನೀರು ಚಿಮುಕಿಸಿದರೆ, ತಂಪಿಗೆ ಹೊಟ್ಟೆ ಆನಿಸಿ ಮಲಗುತ್ತದಂತೆ.