ಮೊಬೈಲ್ ಆ್ಯಪ್‌ಗಳ ಪುಟರಚನೆಯಲ್ಲಿ ಸ್ಕ್ರೋಲ್ ದೋಷಗಳು: ಕಾರಣ ಮತ್ತು ಪರಿಹಾರ

2020ನೆಯ ಇಸವಿಯಲ್ಲಿ ಕರ್ನಾಟಕ ಸರ್ಕಾರವು ರೈತರೇ ತಮ್ಮ ಬೆಳೆಯ ವಿವರವನ್ನು ದಾಖಲಿಸತಕ್ಕ ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪನ್ನು ಬಳಕೆಗೆ ತಂದಿತು. ಹೊಲದಲ್ಲಿ ನಿಂತು ಸರ್ವೆ ನಂಬರು, ಬೆಳೆಯ ಹೆಸರು, ಕ್ಷೇತ್ರ ಮೊದಲಾದವನ್ನು ತುಂಬಿ, ಛಾಯಾಚಿತ್ರ ತೆಗೆದು ಕಳುಹಿಸುವ ಕ್ರಮವದು. ಇಂಥ ದಾಖಲೆಗಳು ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ ಮತ್ತು ಬೆಳೆಹಾನಿ ಪರಿಹಾರಗಳಿಗೆ ಆಧಾರವಾಗುತ್ತವೆ. ಆದುದರಿಂದ ನಮೂನೆಯ ಕೊನೆಯಲ್ಲಿರುವ ‘ಸಲ್ಲಿಸಿ’ ಎಂಬ ಗುಂಡಿಯು ಪರದೆಯ ಕೆಳಗೆ ಅಡಗಿ, ಎಷ್ಟು ಸರಿಸಿದರೂ ಮೇಲೆ ಬಾರದಿದ್ದರೆ ಅದು ಕೇವಲ ಅಂದದ ಕೊರತೆಯೆನಿಸಲಾರದು. ಈ ಬಗೆಯ ದೋಷ ಏಕೆ ಹುಟ್ಟುತ್ತದೆ, ಹೇಗೆ ಪರಿಹಾರವಾಗುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ. ಉದಾಹರಣೆಗಾಗಿ ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ರೈತನೊಬ್ಬನು ಗೋವಿನಜೋಳ ಮತ್ತು ಹತ್ತಿಯ ವಿವರವನ್ನು ತುಂಬುವ ಒಂದು ನಮೂನೆಯನ್ನು ಕಲ್ಪಿಸಿಕೊಳ್ಳೋಣ. ಇದು ಬಳಕೆಯಲ್ಲಿರುವ ಯಾವುದೇ ಆ್ಯಪಿನ ವರ್ಣನೆಯಲ್ಲ.

1. ಮೂಲತತ್ತ್ವ

ಹಿಂದಿನ ಕಾಲದ ಕಡತವನ್ನು ವಾಚಕರು ಬಲ್ಲರು. ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟನ್ನು ಬಳಿದ ಉದ್ದನೆಯ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಜೋಡಿಸಿ, ಬೇಕಾದ ಭಾಗವನ್ನಷ್ಟೇ ತೆರೆದು ಓದುತ್ತಿದ್ದರು. ಮುಂದಿರುವ ಮಣೆ ಚಿಕ್ಕದು, ಬಟ್ಟೆ ಉದ್ದವಾದದ್ದು. ಮೊಬೈಲಿನಲ್ಲಿಯೂ ಹೀಗೆಯೇ: ಚೌಕಟ್ಟಿನ ಎತ್ತರಕ್ಕೆ ಮಿತಿಯುಂಟು, ಒಳಪುಟದ ಎತ್ತರಕ್ಕೆ ಮಿತಿಯಿಲ್ಲ. ಒಳಪುಟದ ಎತ್ತರದಿಂದ ಚೌಕಟ್ಟಿನ ಎತ್ತರವನ್ನು ಕಳೆದರೆ ಉಳಿಯುವ ಅಂತರವೇ ಪುಟವು ಸರಿಯಬಲ್ಲ ದೂರ.

ನಮ್ಮ ನಮೂನೆಯಲ್ಲಿ 12 ಅಂಕಣಗಳಿದ್ದು ಪ್ರತಿಯೊಂದಕ್ಕೂ 72 ಮಾನದ ಎತ್ತರವಿದೆಯೆನ್ನೋಣ, ಒಟ್ಟು 864. ಪರದೆಯ ಎತ್ತರ 640. ಅದರಲ್ಲಿ ಶಿರೋಪಟ್ಟಿಗೆ 56 ಹೋದರೆ ಚೌಕಟ್ಟಿಗೆ ಉಳಿಯುವುದು 584. ಆಗ ಪುಟವು 280 ಮಾನದಷ್ಟು ಸರಿಯಬೇಕು. ಸ್ಕ್ರೋಲ್ ದೋಷಗಳಲ್ಲಿ ಹೆಚ್ಚಿನವು ಈ ಒಂದು ವ್ಯವಕಲನದಲ್ಲಿ ನುಸುಳುವ ತಪ್ಪುಗಳೇ ಆಗಿವೆ.

2. ಪುಟವು ಸರಿಯದಿರುವುದು

ಇದಕ್ಕೆ ಕಾರಣ ಎರಡು. ಒಳಪುಟಕ್ಕೆ 584ರ ಎತ್ತರವನ್ನೇ ಕಟ್ಟಿಹಾಕಿದರೆ ಅಂತರ ಶೂನ್ಯವಾಗಿ, ಮಿಕ್ಕ ಭಾಗ ಕತ್ತರಿಸಿಹೋಗುತ್ತದೆ. ಇಲ್ಲವೆ, ಚೌಕಟ್ಟೇ ಒಳಪುಟದಷ್ಟು ಬೆಳೆದು 864 ಆದರೂ ಅಂತರ ಶೂನ್ಯವೇ. ಆಗ ಚೌಕಟ್ಟಿನ ಕೆಳಭಾಗವು ಪರದೆಯಿಂದಾಚೆಗೆ ಚಾಚಿಕೊಂಡಿರುತ್ತದೆ. ಎರಡರಲ್ಲಿಯೂ ನೋಡುವವನಿಗೆ ಕಾಣುವ ಲಕ್ಷಣ ಒಂದೇ, ಚಿಕಿತ್ಸೆ ಮಾತ್ರ ಬೇರೆ. ಆದ್ದರಿಂದ ತಿದ್ದುವ ಮೊದಲು ಎರಡು ಎತ್ತರಗಳನ್ನೂ ಅಳೆದು ನೋಡತಕ್ಕದ್ದು.

ಆಂಡ್ರಾಯ್ಡಿನ ಸ್ಕ್ರೋಲ್‌ವ್ಯೂ ನೇರವಾಗಿ ಒಂದೇ ಮಗುವನ್ನು ಹೊಂದಬಲ್ಲದು. ಆದುದರಿಂದ ಎಲ್ಲ ಅಂಕಣಗಳನ್ನೂ ಒಂದು ಲಂಬ ಜೋಡಣೆಯಲ್ಲಿ ಕೂಡಿಸಿ, ಅದರ ಎತ್ತರವನ್ನು ಒಳಗಿರುವ ವಸ್ತುವಿಗೆ ಬಿಟ್ಟು, ಸ್ಕ್ರೋಲ್‌ವ್ಯೂಗೆ ಮಾತ್ರ ಪರದೆಯಲ್ಲಿ ಉಳಿದ ಎತ್ತರವನ್ನು ಕೊಡಬೇಕು. ಫ್ಲಟ್ಟರ್‌ನಲ್ಲಿ ಕಾಲಮ್ಮಿನೊಳಗೆ ಲಿಸ್ಟ್‌ವ್ಯೂ ಇಟ್ಟಾಗ ‘ಎತ್ತರಕ್ಕೆ ಮಿತಿಯಿಲ್ಲ’ ಎಂಬ ತಾತ್ಪರ್ಯದ ದೋಷಸೂಚನೆ ಬರುವುದೂ ಈ ಕಾರಣದಿಂದಲೇ. ಲಿಸ್ಟ್‌ವ್ಯೂವನ್ನು ಎಕ್ಸ್‌ಪ್ಯಾಂಡೆಡ್‌ನಲ್ಲಿ ಸುತ್ತಿದರೆ ಅದಕ್ಕೆ ಮಿತಿ ಒದಗುತ್ತದೆ.

3. ಪುಟದೊಳಗೆ ಪುಟ

ಸರ್ವೆ ನಂಬರುಗಳ 300 ಸಾಲಿನ ಪಟ್ಟಿಯನ್ನು ನಮೂನೆಯೊಳಗೇ ಇಟ್ಟು, ಎರಡೂ ಒಂದೇ ದಿಕ್ಕಿನಲ್ಲಿ ಸರಿಯುವಂತೆ ಮಾಡಿದರೆ ಬೆರಳಿನ ಚಲನೆ ಯಾರಿಗೆ ಸೇರಬೇಕೆಂಬ ವ್ಯಾಜ್ಯ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ರಿಸೈಕ್ಲರ್‌ವ್ಯೂ ಎಂಬುದು ಕಣ್ಣಿಗೆ ಬೀಳುವ ಕೆಲವೇ ಸಾಲುಗಳನ್ನು ರಚಿಸಿ, ಮೇಲೆ ಮರೆಯಾದ ಸಾಲನ್ನು ಕೆಳಗೆ ಮತ್ತೆ ಬಳಸಿಕೊಳ್ಳುತ್ತದೆ. ಮಿತಿಯಿಲ್ಲದ ಚೌಕಟ್ಟಿನಲ್ಲಿ ಇಟ್ಟರೆ ಅದಕ್ಕೆ 300 ಸಾಲುಗಳೂ ‘ಕಾಣುವ’ ಸಾಲುಗಳೇ ಆಗಿ, ಎಲ್ಲವನ್ನೂ ಒಮ್ಮೆಗೇ ರಚಿಸಬೇಕಾಗುತ್ತದೆ. ಅಗ್ಗದ ಫೋನು ಆಗ ತಡವರಿಸುವುದು ಸಹಜ. ಇಡೀ ಪುಟವನ್ನೇ ಒಂದು ಪಟ್ಟಿಯಾಗಿಸುವುದು, ಇಲ್ಲವೆ ಸರ್ವೆ ನಂಬರಿನ ಆಯ್ಕೆಗೆ ಪ್ರತ್ಯೇಕ ಪುಟ ಕೊಡುವುದು ಸರಿಯಾದ ಮಾರ್ಗ.

4. ಕೀಲಿಮಣೆ

ಅಕ್ಷರ ಬರೆಯಲು ತೊಡಗಿದೊಡನೆ ಪರದೆಯ ಕೆಳಭಾಗವನ್ನು ಕೀಲಿಮಣೆ ಆಕ್ರಮಿಸುತ್ತದೆ. ಅದರ ಎತ್ತರ 260 ಆದರೆ ಕಾಣುವ ಚೌಕಟ್ಟು 324 ಮಾತ್ರ. ಆ್ಯಪು ಇನ್ನೂ 584ನ್ನೇ ಕಳೆಯುತ್ತಿದ್ದರೆ ಕೊನೆಯ ಅಂಕಣಗಳೂ ಗುಂಡಿಯೂ ಕೀಲಿಮಣೆಯ ಹಿಂದೆಯೇ ಉಳಿಯುತ್ತವೆ. ಹಳೆಯ ಆಂಡ್ರಾಯ್ಡ್ ಆವೃತ್ತಿಗಳಲ್ಲಿ ‘ಅಡ್ಜಸ್ಟ್‌ರಿಸೈಜ್’ ಎಂಬ ಆದೇಶ ಸಾಕಾಗುತ್ತಿತ್ತು. 2024ರ ಆಂಡ್ರಾಯ್ಡ್ 15ನ್ನು ಗುರಿಯಾಗಿಸಿಕೊಂಡ ಆ್ಯಪುಗಳಲ್ಲಿ ಪುಟವು ಪರದೆಯ ಅಂಚಿನವರೆಗೆ ಹರಡಿಕೊಳ್ಳುವುದರಿಂದ, ಕೀಲಿಮಣೆಯ ಎತ್ತರವನ್ನು ಆ್ಯಪೇ ಕೇಳಿ ತಿಳಿದು, ಅಷ್ಟು ಜಾಗವನ್ನು ಅಡಿಯಲ್ಲಿ ಬಿಡಬೇಕಾಗಿದೆ.

5. ಕನ್ನಡ ಲಿಪಿಯ ವಿಶೇಷ

ಅನೇಕ ಪುಟಗಳನ್ನು ಮೊದಲು ಇಂಗ್ಲಿಷಿನಲ್ಲಿ ರಚಿಸಿ, ಬಳಿಕ ಕನ್ನಡದ ಮಾತುಗಳನ್ನು ಅದೇ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ. ‘ಚಿಲ್ಲಿ’ ಎಂಬ ಇಂಗ್ಲಿಷ್ ಪದಕ್ಕಾಗಿ ಅಳೆದ ಪೆಟ್ಟಿಗೆಯಲ್ಲಿ ‘ಒಣಮೆಣಸಿನಕಾಯಿ’ ಹಿಡಿಯದೆ ಎರಡನೆಯ ಸಾಲಿಗೆ ಇಳಿಯುತ್ತದೆ. ಪ್ರತಿ ಅಂಕಣಕ್ಕೂ 20 ಮಾನ ಹೆಚ್ಚಾದರೆ ಒಳಪುಟ 1104 ಆಗಿ, ಸರಿಯಬೇಕಾದ ದೂರ 280ರಿಂದ 520ಕ್ಕೆ ಏರುತ್ತದೆ. ಇದಲ್ಲದೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎತ್ತರವನ್ನು ಕಟ್ಟಿಹಾಕಿದ ಪೆಟ್ಟಿಗೆಯಲ್ಲಿ ‘ಹತ್ತಿ’ಯು ‘ಹತಿ’ಯಾಗಿ, ‘ಸಲ್ಲಿಸಿ’ಯು ‘ಸಲಿಸಿ’ಯಾಗಿ ಕಾಣಿಸಬಹುದು. ಕಣ್ಣು ಮಂದವಾದ ಹಿರಿಯರು ಅಕ್ಷರಗಾತ್ರವನ್ನು ಹಿಗ್ಗಿಸಿಕೊಳ್ಳುತ್ತಾರೆ. 2023ರ ಆಂಡ್ರಾಯ್ಡ್ 14ರಿಂದ ಅದನ್ನು ಶೇಕಡ 200ರವರೆಗೆ ಹಿಗ್ಗಿಸಲು ಅವಕಾಶವಿದೆ. ಪೆಟ್ಟಿಗೆಯ ಎತ್ತರವನ್ನು ಅಕ್ಷರವೇ ನಿರ್ಣಯಿಸುವಂತೆ ಬಿಡುವುದು ಇದಕ್ಕೆ ಪರಿಹಾರ.

6. ಪರೀಕ್ಷೆ

ವಿದ್ಯಾರ್ಥಿಗಳು ಪುಟವನ್ನು ಪರೀಕ್ಷಿಸುವಾಗ ಚಿಕ್ಕ ಪರದೆ, ಅತಿದೊಡ್ಡ ಅಕ್ಷರ, ಉದ್ದವಾದ ಕನ್ನಡ ಪದಗಳು, ತೆರೆದ ಕೀಲಿಮಣೆ ಈ ನಾಲ್ಕನ್ನೂ ಒಂದೇ ಕಾಲಕ್ಕೆ ಕೂಡಿಸಿ, ಕೊನೆಯ ಗುಂಡಿಯನ್ನು ಒತ್ತಲು ಸಾಧ್ಯವೇ ಎಂದು ನೋಡಬೇಕು. ಪ್ರಯೋಗಶಾಲೆಯ ದೊಡ್ಡ ಪರದೆಯಲ್ಲಿ ಇಂಗ್ಲಿಷ್ ಪುಟ ಸರಿಯಾಗಿ ಕಂಡಿತೆಂಬುದು ಸಾಲದು. ದೋಷವು ಅಲ್ಲಿ ಇರಲಿಲ್ಲವೆಂದಲ್ಲ, ಅಡಗಿತ್ತು. ಕನ್ನಡವು ಅದನ್ನು ಬಯಲಿಗೆ ತಂದಿತು. ಹೊಲದ ಬದುವಿನಲ್ಲಿ ನಿಂತವನಿಗೆ ಕೊನೆಯ ಗುಂಡಿ ಕೈಗೆ ಸಿಕ್ಕಿದಾಗಲೇ ಪುಟರಚನೆಯ ಕೆಲಸ ಮುಗಿಯಿತೆಂದು ನಾವು ತಿಳಿಯತಕ್ಕದ್ದು.